ಹಳೇ ಎಸ್‌ಯುವಿಗೆ 2 ಇಂಚು ಲಿಫ್ಟ್: ಸ್ಪೇಸರ್ ಸಾಕಾ, ಸ್ಪ್ರಿಂಗೇ ಬದಲಿಸಬೇಕಾ?

ಹಳೇಗಾಡಿ:
20 ವರ್ಷ ಹಳೆಯ ಚಾಸಿ ಗಾಡಿ. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸರಳು). ಹಿಂದೆ ಕಾಯಿಲ್ ಸ್ಪ್ರಿಂಗ್, ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ಸರಳು) ಇರುವ, ಎರಡೂ ಚಕ್ರಕ್ಕೆ ಒಂದೇ ಆದ ಗಟ್ಟಿ ಆಕ್ಸಲ್. ಹಬ್ ಮಧ್ಯದಿಂದ ಮಡ್ಗಾರ್ಡ್ ಅಂಚಿಗೆ ಅಳೆದರೆ ಮುಂದೆ ಎಡ 472, ಬಲ 460, ಹಿಂದೆ ಎರಡೂ ಕಡೆ 485 ಮಿಮೀ. ಹೊಸದರಲ್ಲಿ ಮುಂದೆ 480, ಹಿಂದೆ 510 ಇತ್ತು. ಹಿಂದಿನ ಸ್ಪ್ರಿಂಗಿಗೆ 50 ಮಿಮೀ ಸ್ಪೇಸರ್ (ಎತ್ತರ ಕೊಡುವ ದಪ್ಪ ಬಿಲ್ಲೆ) ಹಾಕಿ, ಮುಂದೆ ಟಾರ್ಷನ್ ಬಾರ್ ಬೋಲ್ಟ್ ಬಿಗಿ ಮಾಡಿದರೆ ಕಡಿಮೆ ಖರ್ಚಲ್ಲಿ ಮುಗಿಯುತ್ತೆ ಅನ್ನೋ ಲೆಕ್ಕ. ಸರಿಯಾ? ಶಾಕ್ಸ್ (ಶಾಕ್ ಅಬ್ಸಾರ್ಬರ್) ನಾಲ್ಕೂ ಎಣ್ಣೆ ಜಿನುಗುತ್ತಿವೆ.

ಮಣ್ಣುರಸ್ತೆ:
ಮಾಡಬಹುದು ಸರ್, ಆದರೆ 50 ಬೇಡ, 30 ಸಾಕು. ಸ್ಪೇಸರ್‌ನಿಂದ ಸ್ಪ್ರಿಂಗಿನ ಗಡಸು ಬದಲಾಗಲ್ಲ, ಖಾಲಿ ಗಾಡಿಯೂ ಒದೆಯಲ್ಲ. ಉಳಿದ ದುಡ್ಡೆಲ್ಲ ಶಾಕ್ಸ್‌ಗೆ ಹೋಗಲಿ. ಸತ್ತ ಶಾಕ್ಸ್ ಇಟ್ಟುಕೊಂಡು ಎತ್ತರ ಮಾಡಿದರೆ ತಿರುವಿನಲ್ಲಿ ಗಾಡಿ ತೂಗಾಡುತ್ತೆ.

ಸ್ಪ್ಯಾನರ್17:
ನಾನು ಒಪ್ಪಲ್ಲ. 25 ಮಿಮೀ ಕುಸಿದಿರುವ ಸ್ಪ್ರಿಂಗನ್ನು ಸ್ಟೂಲ್ ಮೇಲೆ ನಿಲ್ಲಿಸಿದ ಹಾಗಾಯಿತು ಅದು. 50 ಸ್ಪೇಸರ್ ಹಾಕಿದರೂ ಹೊಸ ಗಾಡಿಗಿಂತ 25 ಮಾತ್ರ ಮೇಲೆ. ಇನ್ನೊಂದು ಅಪಾಯವನ್ನು ಯಾರೂ ಹೇಳಲ್ಲ. ಬಂಪ್ ಸ್ಟಾಪ್ (ಆಕ್ಸಲ್ ಅತಿ ಮೇಲೆ ಬರದಂತೆ ತಡೆಯುವ ರಬ್ಬರ್) ಹಳೇ ಜಾಗದಲ್ಲೇ ಇದ್ದರೆ ಆಕ್ಸಲ್ ಮೊದಲಿನಷ್ಟೇ ಮೇಲೆ ಬರುತ್ತೆ, ಆದರೆ ಸ್ಪ್ರಿಂಗಿಗೆ ಉಳಿದ ಜಾಗ ಸ್ಪೇಸರಿನ ದಪ್ಪದಷ್ಟು ಕಡಿಮೆ. ದೊಡ್ಡ ಗುಂಡಿಗೆ ಬಿದ್ದಾಗ ರಬ್ಬರ್ ತಾಗುವ ಮೊದಲೇ ಸುರುಳಿಗಳು ಒಂದಕ್ಕೊಂದು ಕಚ್ಚಿಕೊಂಡು, ಪೆಟ್ಟು ನೇರ ಸ್ಪ್ರಿಂಗ್ ಸೀಟಿಗೆ ಬೀಳಬಹುದು. ಹಳೇ ಸ್ಪ್ರಿಂಗ್ ಮುರಿಯೋದು, ಸೀಟಿನ ವೆಲ್ಡ್ ಬಿರುಕು ಬಿಡೋದು ಹೀಗೇ.

ಮಣ್ಣುರಸ್ತೆ:
ಅದಕ್ಕೆ ಪರಿಹಾರ ಸುಲಭ. 30 ಸ್ಪೇಸರ್ ಹಾಕಿದರೆ ಬಂಪ್ ಸ್ಟಾಪಿಗೂ 30 ಮಿಮೀ ಪ್ಯಾಕಿಂಗ್ ಕೊಡಬೇಕು. ಇದನ್ನು ಬಿಟ್ಟು ಸ್ಪೇಸರ್ ಹಾಕುವವರ ತಪ್ಪು ಅದು, ಸ್ಪೇಸರ್‌ದಲ್ಲ.

ಗ್ರೀಸ್‌ಗನ್:
ಜಗಳಕ್ಕೆ ಮೊದಲು ಒಂದು ಪ್ರಶ್ನೆ. ಆ 485 ಅಳೆದಾಗ ಗಾಡಿ ಖಾಲಿ ಇತ್ತಾ?

ಹಳೇಗಾಡಿ:
ಇಲ್ಲ. ಹಿಂದೆ ಯಾವಾಗಲೂ ಸುಮಾರು 100 ಕೆಜಿ ಸಾಮಾನು ಇರುತ್ತೆ. ಈಗ ಎಲ್ಲ ಇಳಿಸಿ, ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಓಡಿಸಿ ಅಳೆದೆ: 503. ಮುಂದೆ ಹೆಚ್ಚು ಕಡಿಮೆ ಮೊದಲಿನಷ್ಟೇ ಇದೆ.

ಗ್ರೀಸ್‌ಗನ್:
ಹಾಗಾದರೆ ಸ್ಪ್ರಿಂಗ್ ಸೋತಿರುವುದು 7 ಮಿಮೀ ಮಾತ್ರ, ಉಳಿದ 18 ಸಾಮಾನಿನ ಭಾರ. 100 ಕೆಜಿ ಅಂದರೆ ಒಂದೊಂದು ಸ್ಪ್ರಿಂಗಿಗೆ 50 ಕೆಜಿ, ಅಂದರೆ 490 ನ್ಯೂಟನ್. ಅದನ್ನು 18ರಿಂದ ಭಾಗಿಸಿದರೆ ಮಿಮೀಗೆ ಸುಮಾರು 27 ನ್ಯೂಟನ್. ಸಾಮಾನು ಆಕ್ಸಲ್ ಮೇಲೇ ಇದೆ ಅಂದುಕೊಂಡ ಲೆಕ್ಕ ಇದು, ಆದರೂ ಅಂದಾಜಿಗೆ ಸಾಕು.

ಸ್ಪ್ಯಾನರ್17:
ಸರಿ, ಈ ಸ್ಪ್ರಿಂಗ್ ಸತ್ತಿಲ್ಲ, ಒಪ್ಪಿದೆ. ಆದರೂ ಭಾರ ಸದಾ ಇರುವುದಾದರೆ ಮಿಮೀಗೆ 35 ನ್ಯೂಟನ್ ಇರುವ, 30ರಿಂದ 40 ಮಿಮೀ ಎತ್ತರದ ಸ್ಪ್ರಿಂಗೇ ನನ್ನ ಆಯ್ಕೆ.

ಮಣ್ಣುರಸ್ತೆ:
35 ಹಾಕಿದರೆ ಅದೇ 100 ಕೆಜಿಗೆ 14 ಮಿಮೀ ಕುಸಿಯುತ್ತೆ. 4 ಮಿಮೀ ಉಳಿಸೋಕೆ ಹೊಸ ಜೋಡಿ ಸ್ಪ್ರಿಂಗಾ?

ಸ್ಪ್ಯಾನರ್17:
ನಿಂತ ಗಾಡಿಯ 4 ಮಿಮೀ ನೋಡಬೇಡಿ. ಓಡುವಾಗ ಗುಂಡಿಗೆ ಬಿದ್ದು ಸ್ಪ್ರಿಂಗ್ 80 ಮಿಮೀ ಒತ್ತಿದಾಗ ವ್ಯತ್ಯಾಸ ಗೊತ್ತಾಗೋದು. ಹಾಗಂತ ಸದಾ 300 ಕೆಜಿ ಹೊರಲು ಮಾಡಿದ ಸ್ಪ್ರಿಂಗ್ ತಗೊಳ್ಳಬೇಡಿ. ನಿಮ್ಮ ಭಾರಕ್ಕೆ ಹಿಂಭಾಗ ಮೇಲೆ ಎದ್ದು ನಿಂತು, ಪ್ರತಿ ಉಬ್ಬಿಗೂ ಜಿಗಿಯುತ್ತೆ. ದುಡ್ಡು ನಿಜಕ್ಕೂ ಬಿಗಿ ಇದ್ದರೆ ಮೊದಲು ಶಾಕ್ಸ್, ಸ್ಪ್ರಿಂಗ್ ಆಮೇಲೆ. ಅಷ್ಟು ಬಿಟ್ಟುಕೊಡುತ್ತೇನೆ.

ಗ್ರೀಸ್‌ಗನ್:
ಮುಂಭಾಗಕ್ಕೆ ಬರೋಣ, ಕಡಿಮೆ ಬಜೆಟ್ಟಿನ ಲಿಫ್ಟ್ ಕೆಡೋದೇ ಇಲ್ಲಿ. ಬೋಲ್ಟ್ ತಿರುಗಿಸಿದರೆ ಬಾರ್ ಗಡಸಾಗಲ್ಲ, ಗಾಡಿ ನಿಲ್ಲುವ ಜಾಗ ಮಾತ್ರ ಮೇಲೆ ಹೋಗುತ್ತೆ. ಮೇಲೆ ಹೋದಷ್ಟೂ ಚಕ್ರ ಕೆಳಗಿಳಿಯಲು ಉಳಿಯುವ ಜಾಗ ಕಡಿಮೆ. ಗಾಡಿ ನೆಲದ ಮೇಲಿದ್ದಾಗ, ಮುಂದಿನ ಚಕ್ರ ಹಿಡಿಯುವ ಮೇಲಿನ ತೋಳಿಗೂ ಅದರ ಕೆಳಗಿನ ರಬ್ಬರ್ ತಡೆಗೂ ನಡುವೆ ಬೆರಳು ತೂರಿಸಿ ನೋಡಿ. ತೂರದಿದ್ದರೆ ಅತಿಯಾಯಿತು. ಸಣ್ಣ ಉಬ್ಬು ಇಳಿದಾಗಲೂ ತೋಳು ರಬ್ಬರಿಗೆ ಬಡಿದು "ಟಪ್" ಅನ್ನುತ್ತೆ. ಸ್ಪ್ರಿಂಗ್ ಗಟ್ಟಿ ಆಯಿತು ಅಂತ ಜನ ಹೇಳೋದು ಈ ಬಡಿತವನ್ನೇ.

ಮೊದಲು ಹಿಂಭಾಗ ಮುಗಿಸಿ, ಹಿಂದೆ ಏರಿಸಿದರೆ ಮುಂದಿನ ಅಳತೆಯೂ ಸ್ವಲ್ಪ ಬದಲಾಗುತ್ತೆ. ಮುಂದೆ ಜಾಕಿ ಕೊಟ್ಟು, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ತೂಗುತ್ತಿರುವಾಗ ಬೋಲ್ಟ್ ತಿರುಗಿಸಿ. ಭಾರ ಇರುವಾಗ ತಿರುಗಿಸಿದರೆ ತುಕ್ಕು ಹಿಡಿದ ಥ್ರೆಡ್ ಕಿತ್ತು ಬರುತ್ತೆ. ತಂತಿ ಬ್ರಷ್, ಗ್ರೀಸ್ ಹಚ್ಚಿದ ಮೇಲೆಯೇ ಸ್ಪ್ಯಾನರ್ ಇಡಿ, ಎಷ್ಟು ಸುತ್ತು ಅಂತ ಬರೆದುಕೊಳ್ಳಿ. ಇಳಿಸಿ, ನಾಲ್ಕೈದು ಮೀಟರ್ ಓಡಿಸಿ, ಆಮೇಲೆ ಅಳೆಯಿರಿ. ಎರಡೂ ಕಡೆ 500ಕ್ಕೆ ನಿಲ್ಲಿಸಿ. ಬಾರ್ ಬಿಚ್ಚುವ ಪ್ರಸಂಗ ಬಂದರೆ ಎಡ ಬಲ ಗುರುತು ಹಾಕದೆ ಬಿಚ್ಚಬೇಡಿ, ಅದಲು ಬದಲು ಮಾಡಿ ಹಾಕುವಂತಿಲ್ಲ.

ಹಳೇಗಾಡಿ:
ಮುಂದಿನ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೆಳಗಿಳಿಸುವ ಬ್ರಾಕೆಟ್ ಬೇಕಾ? ಲಿಫ್ಟ್ ಕಿಟ್ ಜತೆಗೇ ಮಾರುತ್ತಾರೆ.

ಗ್ರೀಸ್‌ಗನ್:
ಹೊಸ ಅಳತೆಗಿಂತ 20 ಮಿಮೀ ಏರಿಸಲು ಬೇಡ. ಅಲ್ಲಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟಿನ ಕೋನ ಉಳಿಸಲು ಡಿಫರೆನ್ಷಿಯಲನ್ನೇ ಇಳಿಸಿದರೆ ಗಳಿಸಿದ ಎತ್ತರ ಅಲ್ಲೇ ಹೋಯಿತು. ಆ ದುಡ್ಡಲ್ಲಿ ಬಾಲ್ ಜಾಯಿಂಟ್ (ತೋಳಿನ ತುದಿಯ ಕೀಲು) ನೋಡಿಸಿ. ಶಾಫ್ಟಿನ ರಬ್ಬರ್ ಬೂಟ್ ಮಡಿಕೆಗಳನ್ನು ಬೆರಳಲ್ಲಿ ಅಗಲಿಸಿ, ಸಣ್ಣ ಸೀಳಿದ್ದರೂ ಈಗಲೇ ಬದಲಿಸಿ. ಕೋನ ಹೆಚ್ಚಾದ ಮೇಲೆ ಅದು ಬೇಗ ಹರಿದು ಗ್ರೀಸ್ ಹೊರಗೆ ಬರುತ್ತೆ.

ಸ್ಪ್ಯಾನರ್17:
ಶಾಕ್ಸ್ ಕೊಳ್ಳುವಾಗ "2 ಇಂಚು ಲಿಫ್ಟಿಗೆ" ಅನ್ನೋ ಹೆಸರು ನಂಬಬೇಡಿ, ಅಳೆದು ತಗೊಳ್ಳಿ. ಹಿಂದಿನ ಸ್ಪ್ರಿಂಗ್ ಎರಡೂ ತೆಗೆದು, ಚಾಸಿ ಸ್ಟ್ಯಾಂಡ್ ಮೇಲಿರಲಿ. ಆಕ್ಸಲನ್ನು ಜಾಕಿಯಿಂದ ಪ್ಯಾಕಿಂಗ್ ಕೊಟ್ಟ ಬಂಪ್ ಸ್ಟಾಪಿಗೆ ತಾಗಿಸಿ, ಶಾಕಿನ ಎರಡು ಕಣ್ಣುಗಳ (ಬೋಲ್ಟ್ ಹಾಕುವ ತೂತುಗಳ) ನಡುವಿನ ಅಂತರ ಅಳೆಯಿರಿ. ಹೊಸ ಶಾಕ್ ಪೂರ್ತಿ ಮುಚ್ಚಿದಾಗ ಇದಕ್ಕಿಂತ ಕನಿಷ್ಠ 10 ಮಿಮೀ ಗಿಡ್ಡ ಇರಬೇಕು, ಇಲ್ಲದಿದ್ದರೆ ಶಾಕೇ ಬಂಪ್ ಸ್ಟಾಪ್ ಕೆಲಸ ಮಾಡಿ ಒಳಗೆ ಒಡೆಯುತ್ತೆ. ಆಮೇಲೆ ಬ್ರೇಕ್ ಹೋಸ್ ಬಿಗಿಯಾಗುವ ಮುಂಚಿನವರೆಗೆ ಇಳಿಸಿ ಮತ್ತೆ ಅಳೆಯಿರಿ. ಶಾಕ್ ಅದಕ್ಕಿಂತ ಉದ್ದ ತೆರೆದುಕೊಳ್ಳಬಾರದು. ಅತಿ ಉದ್ದವಾದರೆ ಸ್ಪ್ರಿಂಗ್ ಸೀಟಿನಿಂದ ಜಾರಿ ಬೀಳುವ ಸಾಧ್ಯತೆಯೂ ಇದೆ. ಹಳೇ ಹೋಸ್ ಮಡಚಿದಾಗ ಬಿರುಕು ಕಂಡರೆ ಬದಲಿಸಿ, ಹೇಗೂ ಬದಲಿಸುವಾಗ 50 ಮಿಮೀ ಉದ್ದದ್ದು ಹಾಕಿ.

ಮಣ್ಣುರಸ್ತೆ:
ಅಡ್ಜಸ್ಟೆಬಲ್ ಪ್ಯಾನ್‌ಹಾರ್ಡ್ ರಾಡ್ ಕೂಡ ಈ ಎತ್ತರಕ್ಕೆ ದಂಡ. ರಾಡ್ 900 ಮಿಮೀ ಇದ್ದು, ಎರಡು ತುದಿಗಳ ಎತ್ತರದ ಅಂತರ 50ರಿಂದ 80ಕ್ಕೆ ಹೋದರೂ ಆಕ್ಸಲ್ ಪಕ್ಕಕ್ಕೆ ಸರಿಯೋದು ಸುಮಾರು 2 ಮಿಮೀ. ಅದರ ತುದಿಯ ರಬ್ಬರ್ ಬುಷ್ ಹೊಸದು ಹಾಕಿ ಸಾಕು. ಬುಷ್ ಬೋಲ್ಟುಗಳ ಕೊನೆಯ ಬಿಗಿ ಮಾತ್ರ ಗಾಡಿ ಚಕ್ರದ ಮೇಲೆ ನಿಂತಾಗಲೇ ಕೊಡಿ. ತೂಗುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

ಹಳೇಗಾಡಿ:
ಸರಿ, ಹಿಂದೆ 30 ಸ್ಪೇಸರ್, ಬಂಪ್ ಸ್ಟಾಪ್ ಪ್ಯಾಕಿಂಗ್, ಅಳೆದು ಕೊಂಡ ಶಾಕ್ಸ್, ಮುಂದೆ 500, ಆಮೇಲೆ ಅಲೈನ್‌ಮೆಂಟ್. ಏನಾದರೂ ಬಿಟ್ಟಿದ್ದೀನಾ?

ಗ್ರೀಸ್‌ಗನ್:
ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಹೋಗಿದೆಯಾ ನೋಡಿ. ಭಾರ ನೋಡಿ ಹಿಂದಿನ ಬ್ರೇಕ್ ಒತ್ತಡ ಹೊಂದಿಸುವ ವಾಲ್ವಿನ ಕಡ್ಡಿ ಅದು. ಗಾಡಿ ಏರಿಸಿದರೆ ವಾಲ್ವ್ ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಕೊಡುತ್ತೆ, ನಿಮ್ಮದರಲ್ಲಿ 100 ಕೆಜಿ ಸದಾ ಇರುತ್ತೆ. ಕಡ್ಡಿಯ ಬ್ರಾಕೆಟನ್ನು ಏರಿಸಿದಷ್ಟೇ ಸರಿಹೊಂದಿಸಿ, ಆಮೇಲೆ ಗಾಡಿ ರಸ್ತೆಗೆ ತನ್ನಿ. ಹೆಡ್‌ಲೈಟಿನ ಬೆಳಕು ಬೀಳುವ ದಿಕ್ಕನ್ನೂ ಸ್ವಲ್ಪ ಕೆಳಗಿಳಿಸಿ.