ಬರೆದುಕೊಟ್ಟ ತಪ್ಪಿಗೆ ಮೆಮೊ ಬಂದರೆ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಸ್ಟಾಫ್ ನರ್ಸ್ ಒಬ್ಬರು ಪತ್ರದಲ್ಲಿ ಹೇಳಿಕೊಂಡ ಸಮಸ್ಯೆ: ರಾತ್ರಿ ಪಾಳಿಯಲ್ಲಿ ರೋಗಿಯೊಬ್ಬರಿಗೆ ಇನ್ಸುಲಿನ್ ಹೆಚ್ಚಾಗಿ ಶುಗರ್ ಕುಸಿಯಿತು, ಆಮೇಲೆ ಚೇತರಿಸಿಕೊಂಡರು. ನಡೆದದ್ದನ್ನು ತಾವೇ ಬರೆದುಕೊಟ್ಟ ಆ ನರ್ಸ್‌ಗೆ ಮೆಮೊ ಬಂತು. ಈಗ ಆ ವಾರ್ಡಿನಲ್ಲಿ ಯಾರೂ ಏನನ್ನೂ ಬರೆಯುತ್ತಿಲ್ಲ.

ಸಿಸ್ಟರ್, ಬರೆದುಕೊಟ್ಟು ಒಳ್ಳೆಯದನ್ನೇ ಮಾಡಿದಿರಿ. ‘ಹತ್ತರ ಗೆರೆಗೇ ಎಳೆದಿದ್ದೆ, ಸಿರಿಂಜ್ ಕೆಂಪು ಮುಚ್ಚಳದ್ದು’ ಎಂದಿದ್ದೀರಲ್ಲ, ಇಡೀ ಪತ್ರದಲ್ಲಿ ಮುಖ್ಯವಾದ ಮಾತು ಅದೇ. ನಮ್ಮಲ್ಲಿ ಇನ್ಸುಲಿನ್ ಮಿ.ಲೀ.ಗೆ 40 ಯೂನಿಟ್‌ನದೂ ಸಿಗುತ್ತದೆ, 100ರದೂ ಸಿಗುತ್ತದೆ. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ವಯಲ್‌ನಿಂದ, ಅಂದರೆ ಆ ಔಷಧದ ಪುಟ್ಟ ಬಾಟಲಿಯಿಂದ, ಕೆಂಪು ಸಿರಿಂಜಿಗೆ ಹತ್ತರ ಗೆರೆಯವರೆಗೆ ಎಳೆದರೆ ಬರುವುದು 0.25 ಮಿ.ಲೀ., ಅಂದರೆ 25 ಯೂನಿಟ್. ಕಣ್ಣಿಗೆ ಮಾತ್ರ ಹತ್ತೇ ಕಾಣುತ್ತದೆ. ಎಳೆದಿಟ್ಟ ಸಿರಿಂಜನ್ನಷ್ಟೇ ನೋಡಿ ಇನ್ನೊಬ್ಬರು ಸಹಿ ಹಾಕುವ ಡಬಲ್ ಚೆಕ್‌ಗೂ ಇದು ಸಿಕ್ಕುವುದಿಲ್ಲ. ವಯಲ್, ಸಿರಿಂಜ್, ಚಾರ್ಟ್ ಮೂರನ್ನೂ ಒಟ್ಟಿಗೆ ಹಿಡಿದು ನೋಡಬೇಕು. ಮೆಮೊ ಕೊಟ್ಟರೂ ಹೊಂದದ ವಯಲ್, ಸಿರಿಂಜ್ ಒಟ್ಟಿಗಿರುವ ಆ ಟ್ರೇ ಹಾಗೆಯೇ ಇರುತ್ತದೆ. ವಾರ್ಡಿಗೆ ಒಂದೇ ಬಗೆಯ ವಯಲ್, ಅದಕ್ಕೆ ಹೊಂದುವ ಸಿರಿಂಜ್ ಮಾತ್ರ ಕೊಡುವಂತೆ ಫಾರ್ಮಸಿಯನ್ನು ಲಿಖಿತವಾಗಿ ಕೇಳಿ.
– ನರ್ಸಿಂಗ್ ಬೋಧಕಿ, ಕಲಬುರಗಿ

ಮೆಮೊಗೆ ಉತ್ತರವನ್ನು ಕ್ಷಮಾಪಣೆ ಪತ್ರವಾಗಿಸಬೇಡಿ. ‘ಗಮನ ತಪ್ಪಿತು, ಮುಂದೆ ಹೀಗಾಗದು’ ಎಂದು ಬರೆದ ಕೂಡಲೇ ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ. ಗಂಟೆ ನಿಮಿಷದ ಸಮೇತ ಬರೆಯಿರಿ: ಚಾರ್ಟಿನಲ್ಲಿ ಏನಿತ್ತು, ಕೈಗೆ ಸಿಕ್ಕ ವಯಲ್ ಯಾವುದು, ಟ್ರೇಯಲ್ಲಿ ಯಾವ ಸಿರಿಂಜ್ ಇದ್ದವು, ಆ ಹೊತ್ತಿಗೆ ಎಷ್ಟು ರೋಗಿಗಳಿಗೆ ಎಷ್ಟು ಜನ ಸಿಸ್ಟರ್ ಇದ್ದಿರಿ. ಕೊಟ್ಟ ಡೋಸ್, ಶುಗರ್ ರೀಡಿಂಗ್, ಡಾಕ್ಟರಿಗೆ ತಿಳಿಸಿದ ಸಮಯ, ಕೊಟ್ಟ ಡೆಕ್ಸ್‌ಟ್ರೋಸ್ ಇವೆಲ್ಲ ಕೇಸ್ ಶೀಟಿನಲ್ಲೂ ಇರಲೇಬೇಕು. ಅಲ್ಲಿ ಬರೆದದ್ದನ್ನು ಯಾರು ಹೇಳಿದರೂ ವೈಟ್ನರ್ ಹಚ್ಚಿ ತಿದ್ದಬೇಡಿ. ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ, ಸಮಯ ಹಾಕಿ. ಉತ್ತರದ ಪ್ರತಿಗೆ ಸ್ವೀಕೃತಿ ಸಹಿ ಪಡೆದು ಇಟ್ಟುಕೊಳ್ಳಿ.
– ಆಸ್ಪತ್ರೆಯೊಂದರ ಗುಣಮಟ್ಟ ವಿಭಾಗದಿಂದ, ಮಂಗಳೂರು

ನನ್ನ ಮಾತು ಮೆಮೊ ಕೊಟ್ಟವರಿಗೆ. ಅದೇ ಪಾಳಿ, ಅದೇ ಟ್ರೇ, ಅಷ್ಟೇ ರೋಗಿಗಳು. ಅಷ್ಟೇ ತರಬೇತಿ ಪಡೆದ ಬೇರೆ ಸಿಸ್ಟರ್ ಇದ್ದಿದ್ದರೂ ಇದೇ ಆಗಬಹುದಿತ್ತೇ ಎಂದು ಮೊದಲು ಕೇಳಿಕೊಳ್ಳಿ. ಹೌದೆಂದಾದರೆ ಅದು ಶಿಸ್ತುಕ್ರಮದ ವಿಷಯವೇ ಅಲ್ಲ. ಕುಡಿದು ಡ್ಯೂಟಿಗೆ ಬಂದದ್ದು, ಬೇಕೆಂದೇ ದಾಖಲೆ ತಿದ್ದಿದ್ದು ಬೇರೆ. ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್‌ನ ಮಾನ್ಯತೆಗೂ ಘಟನೆಗಳ ವರದಿ ವ್ಯವಸ್ಥೆ ಬೇಕು. ಖಾಲಿ ರಿಜಿಸ್ಟರ್ ಕಂಡರೆ ವಾರ್ಡ್ ಸುರಕ್ಷಿತ ಎಂದುಕೊಳ್ಳಬೇಡಿ, ಹೆದರಿದೆ ಎಂದು ತಿಳಿಯಿರಿ. ಕೂದಲೆಳೆಯಲ್ಲಿ ತಪ್ಪಿದ ಪ್ರಸಂಗಗಳಿಗೆ ಹೆಸರು ಬರೆಯಬೇಕಿಲ್ಲದ ಒಂದು ಪುಸ್ತಕ ಇಡಿ. ವಾರಕ್ಕೊಮ್ಮೆ, ಪಾಳಿ ಬದಲಾಗುವ ಹ್ಯಾಂಡೋವರ್ ಹೊತ್ತಿನಲ್ಲಿ ಅದರಿಂದ ಒಂದನ್ನು ಓದಿ, ಏನು ಬದಲಾಯಿತು ಎಂಬುದನ್ನೂ ಹೇಳಿ. ‘ನೀವು ಬರೆದಿರಿ, 100ರ ವಯಲ್ ಟ್ರೇಯಿಂದ ಹೋಯಿತು’ ಎಂದು ಕೇಳಿಸಿಕೊಂಡವರು ಮುಂದಿನ ಸಲವೂ ಬರೆಯುತ್ತಾರೆ.
– ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಹಾಸನ