ಮೂರು ದಿನದಿಂದ ಬಿಡದ ಮಳೆ: ಚಿಕ್ಕ ಮಕ್ಕಳನ್ನು ಮನೆಯೊಳಗೆ ಹೇಗೆ ಹಿಡಿದಿಡುವುದು?

ಪ್ರಶ್ನೆ (ಸಿಂಧನೂರಿನಿಂದ, ಒಬ್ಬ ತಾಯಿ)

ಎಲ್ಲರಿಗೂ ನಮಸ್ಕಾರ. ನಮ್ಮ ಭಾಗದಲ್ಲಿ ಮಳೆ ಬಂದರೆ ಒಂದೆರಡು ತಾಸು ಸುರಿದು ಹೋಗುವುದು ರೂಢಿ. ಈ ಸಲ ಉತ್ತರಿ ಮಳೆ ಮೂರು ದಿನದಿಂದ ಹಿಡಿದು ಕೂತಿದೆ. ನಮ್ಮ ಮನೆಯ ಮುಂದೆ ಎರೆಮಣ್ಣು. ಮಗಳು ನಾಲ್ಕು ಹೆಜ್ಜೆ ಹೋಗಿ ಬಂದರೆ ಚಪ್ಪಲಿಯ ತಳಕ್ಕೆ ಎರಡು ಬೆರಳು ದಪ್ಪ ಕೆಸರು ಮೆತ್ತಿಕೊಂಡು, ಹೊಸ್ತಿಲಿನಿಂದ ಅಡುಗೆಮನೆಯವರೆಗೂ ಅದರ ಗುರುತು ಬೀಳುತ್ತದೆ. ಮಗಳಿಗೆ ಐದು ವರ್ಷ, ಮಗನಿಗೆ ಎರಡೂವರೆ. ನಾನು ಮನೆಯಲ್ಲಿಯೇ ಹೊಲಿಗೆ ಕೆಲಸ ಮಾಡುವುದರಿಂದ ಇಡೀ ದಿನ ಅವರ ಜೊತೆ ಕೂರಲು ಆಗುವುದಿಲ್ಲ. ನಿನ್ನೆ ಬೇಸತ್ತು ಮೊಬೈಲ್ ಕೊಟ್ಟೆ; ಅದನ್ನು ತಿರುಗಿ ಪಡೆಯುವಾಗ ಆದ ರಂಪ, ಕೊಡದೆ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಾಗಿತ್ತು. ಹೊಸ ಆಟಿಕೆ ತರುವ ಮಾತು ಬೇಡ, ಮನೆಯಲ್ಲಿ ಇರುವುದರಲ್ಲಿಯೇ ಏನು ಮಾಡಿಸಬಹುದು ಎಂದು ತಿಳಿದವರು ಹೇಳಬೇಕು.

ಉತ್ತರ 1 (ಕೊಪ್ಪಳದಿಂದ, ನಿವೃತ್ತ ಶಿಕ್ಷಕ)

ತಂಗೀ, ನಿಮ್ಮ ಮಗಳಿಗೆ ಚೌಕಾಬಾರ ಕಲಿಸುವ ವಯಸ್ಸು ಬಂದಿದೆ. ಆದರೆ ಕವಡೆಗಳನ್ನು ಕೈಗೆ ಕೊಟ್ಟು ಆಡು ಎಂದರೆ ಆಟ ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಕವಡೆಯನ್ನು ಬಿಟ್ಟು ಡಬ್ಬಿಯಿಂದ ನಾಲ್ಕು ದಪ್ಪ ಹುಣಸೆ ಬೀಜಗಳನ್ನು ಆರಿಸಲು ಅವಳಿಗೇ ಹೇಳಿರಿ. ಪ್ರತಿ ಬೀಜದ ಒಂದು ಮೈಯನ್ನು ಒರಟು ಬಂಡೆಗಲ್ಲಿನ ಮೇಲೆ, ಕಂದು ಸಿಪ್ಪೆ ಹೋಗಿ ಬಿಳುಪು ಕಾಣುವವರೆಗೆ, ತಿಕ್ಕಬೇಕು. ಸಣ್ಣ ಕೈಗಳಿಗೆ ಇದು ಅರ್ಧ ತಾಸಿನ ಕೆಲಸ. ತಿಕ್ಕಿದ ಬೀಜ ಬಿಸಿಯಾಗುತ್ತದೆಂದು ಗೊತ್ತಾದ ಕ್ಷಣದಿಂದ ಅವಳು ಅದನ್ನು ಮನೆಯವರೆಲ್ಲರ ತೋಳಿಗೆ ಮುಟ್ಟಿಸುತ್ತಾ ತಿರುಗುವುದಂತೂ ಖಂಡಿತ, ಅದಕ್ಕೆ ಸಿದ್ಧರಾಗಿರಿ.

ಮುಂದೆ ನೆಲದ ಮೇಲೆ ಸೀಮೆಸುಣ್ಣದಿಂದ ಐದು ಸಾಲು, ಐದು ಕಂಬ, ಒಟ್ಟು 25 ಮನೆಗಳನ್ನು ಬರೆದು, ನಾಲ್ಕು ಬದಿಗಳ ನಡುಮನೆಗೂ ಮಧ್ಯದ ಮನೆಗೂ ಅಡ್ಡಗೆರೆ ಹಾಕಿರಿ. ಎಷ್ಟು ಬೀಜಗಳ ಬಿಳಿ ಮೈ ಮೇಲೆ ಬಿದ್ದಿದೆಯೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಿಳಿಯಾದರೆ ನಾಲ್ಕು, ನಾಲ್ಕೂ ಕಪ್ಪಾದರೆ ಎಂಟು, ಇವೆರಡಕ್ಕೂ ಮತ್ತೊಂದು ಆಟ ಸಿಗುತ್ತದೆ. ದೊಡ್ಡವರ ಆಟದಲ್ಲಿ ಎದುರಾಳಿಯ ಕಾಯಿಯನ್ನು ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂಬ ಕಟ್ಟಳೆ ಅನೇಕ ಮನೆಗಳಲ್ಲಿ ಇದೆ. ಐದು ವರ್ಷದವಳಿಗೆ ಅದನ್ನು ಬಿಟ್ಟುಬಿಡಿ, ತಲಾ ನಾಲ್ಕು ಕಾಯಿಗಳ ಬದಲು ಎರಡು ಸಾಕು. ಸೋತಾಗ ಬೀಜಗಳನ್ನು ಚೆಲ್ಲಾಡಿದರೆ ಆ ದಿನ ಅಲ್ಲಿಗೆ ನಿಲ್ಲಿಸಿ, ಬೈಯುವುದು ಬೇಡ.

ಉಳಿದ ಬೀಜಗಳನ್ನೂ ಎಸೆಯಬೇಡಿ. ನಮ್ಮ ಕಿನ್ನಾಳದ ಗೊಂಬೆ ಮಾಡುವವರು ಹುಣಸೆ ಬೀಜವನ್ನು ನೆನೆಸಿ, ಅರೆದು, ಅದರ ಅಂಟಿಗೆ ಮರದ ಹೊಟ್ಟು ಕಲಸಿ ಗೊಂಬೆಗಳಿಗೆ ಬಳಸುತ್ತಾರೆ. ನಿಮ್ಮಲ್ಲಿ ಬಟ್ಟೆಯ ತುಂಡುಗಳು ಇದ್ದೇ ಇರುತ್ತವೆ. ಅವುಗಳನ್ನು ರಟ್ಟಿನ ಮೇಲೆ ಕೌದಿಯಂತೆ ಬಣ್ಣಕ್ಕೆ ಬಣ್ಣ ಹೊಂದಿಸಿ ಅಂಟಿಸಲು ಅದೇ ಅಂಟು ಆದೀತು.

ಉತ್ತರ 2 (ಬಳ್ಳಾರಿಯಿಂದ, ಅಂಗನವಾಡಿ ಕಾರ್ಯಕರ್ತೆ)

ಮೇಷ್ಟ್ರು ಹೇಳಿದ್ದು ದೊಡ್ಡವಳಿಗೆ ಸರಿ. ಆದರೆ ಅಕ್ಕಾ, ಎರಡೂವರೆ ವರ್ಷದ ಮಗು ಇರುವ ಕೋಣೆಯಲ್ಲಿ ಹುಣಸೆ ಬೀಜ ನೆಲದ ಮೇಲೆ ಇರಲೇಕೂಡದು. ಆ ವಯಸ್ಸಿನಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಇಲ್ಲವೇ ಮೂಗಿಗೆ ಹೋಗುತ್ತದೆ, ಬೀಜ ಉಸಿರುನಾಳಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅವನು ಮಲಗಿದಾಗ ಆ ಆಟ ಆಗಲಿ, ಮುಗಿದ ಮೇಲೆ ಬೀಜಗಳನ್ನು ಎಣಿಸಿ ಎತ್ತಿಡಿ.

ಚಿಕ್ಕವನಿಗೆ ಆಟವೆಂದರೆ ಹಾಕುವುದು, ತೆಗೆಯುವುದು, ಸುರಿಯುವುದು. ಅಡುಗೆಮನೆಯ ಆರೇಳು ಸ್ಟೀಲ್ ಡಬ್ಬಿಗಳ ಮುಚ್ಚಳ ತೆಗೆದು ಬೆರಸಿ ಕೊಟ್ಟರೆ, ಯಾವುದು ಯಾವುದಕ್ಕೆ ಎಂದು ಹೊಂದಿಸುತ್ತಾ ಕೂರುತ್ತಾನೆ. ಹತ್ತು ನಿಮಿಷ ಕೂತರೂ ದೊಡ್ಡದೇ ಎಂದು ತಿಳಿಯಿರಿ. ರೊಟ್ಟಿ ಮಾಡುವಾಗ ಹಿಟ್ಟಿನ ಉಂಡೆ ಕೊಡುವವರಿದ್ದಾರೆ, ಆದರೆ ಜೋಳದ ಹಿಟ್ಟು ಮಕ್ಕಳ ಕೈಯಲ್ಲಿ ಬೇಗ ಬಿರಿದು ಉದುರುತ್ತದೆ. ಗೋಧಿ ಹಿಟ್ಟಿಗೆ ಎರಡು ಹನಿ ಎಣ್ಣೆ ಹಾಕಿ ಗಟ್ಟಿಯಾಗಿ ನಾದಿ ಕೊಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಎತ್ತುಗಳನ್ನು ಮಗಳು ನೋಡಿಯೇ ಇರುತ್ತಾಳೆ; ಅವಳು ಅದೇ ಹಿಟ್ಟಿನಲ್ಲಿ ಎತ್ತು ಮಾಡಿದರೆ ಇವನು ಅದರ ಕೊಂಬು ಮುರಿಯುತ್ತಾನೆ. ಜಗಳ ಆಗುತ್ತದೆ, ಆಗಲಿ.

ಮೊಬೈಲ್ ಕೊಟ್ಟದ್ದಕ್ಕೆ ಕೊರಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ 2ರಿಂದ 4 ವರ್ಷದ ಮಕ್ಕಳು ದಿನಕ್ಕೆ 1 ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಕೊಡಲೇಬೇಕಾದರೆ ಇಂತಿಷ್ಟು ಹೊತ್ತೆಂದು ಮೊದಲೇ ಹೇಳಿ, ನೀವೂ ಪಕ್ಕದಲ್ಲಿ ಕೂತು ನೋಡಿ.

ಉತ್ತರ 3 (ಗಂಗಾವತಿಯಿಂದ)

ಸಂಜೆ ಕರೆಂಟು ಹೋದಾಗಿನ ಮಾತನ್ನು ಯಾರೂ ಎತ್ತಲಿಲ್ಲ. ನಮ್ಮದು ತಗಡಿನ ಮನೆ; ಮಳೆ ಜೋರಾದರೆ ಕತೆ ಹೇಳಿದರೂ ಕೇಳಿಸುವುದಿಲ್ಲ, ನೋಡುವ ಆಟವೇ ಬೇಕು. ಎರಡು ಕುರ್ಚಿಗಳ ನಡುವೆ ಹಳೆಯ ಬಿಳಿ ಪಂಚೆ ಕಟ್ಟಿ, ಹಿಂದೆ ಟಾರ್ಚ್ ಇಟ್ಟು ತೊಗಲುಗೊಂಬೆಯಾಟ ಆಡುತ್ತೇವೆ. ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ಚಿತ್ರ ನೋಡಿ ನನ್ನ ಮಗ ಹಟ ಹಿಡಿದದ್ದರಿಂದ ಇದು ಶುರುವಾಯಿತು. ನಮ್ಮ ಗೊಂಬೆಗಳಿಗೆ ತೊಗಲಿಲ್ಲ, ಬಿಸ್ಕತ್ತಿನ ಪೊಟ್ಟಣದ ರಟ್ಟು. ಹಿಡಿಯಲು ಕಸಬರಿಗೆಯ ಕಡ್ಡಿ. ಕಣ್ಣು, ಒಡವೆ ಇರುವಲ್ಲಿ ದಬ್ಬಣದಿಂದ ನಾನೇ ತೂತು ಮಾಡುತ್ತೇನೆ, ಅಲ್ಲಿಂದ ಬೆಳಕು ಬಂದಾಗಲೇ ಗೊಂಬೆಗೆ ಜೀವ. ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದರೆ ನೆರಳಿನ ಅಂಚು ಸ್ಪಷ್ಟ, ಟಾರ್ಚಿನ ಕಡೆ ತಂದಷ್ಟೂ ಅದು ರಾಕ್ಷಸನಂತೆ ಬೆಳೆಯುತ್ತದೆ. ಇದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ, ಮೊದಲೇ ಹೇಳಬೇಡಿ. ಎಣ್ಣೆಯ ದೀಪ ಮಾತ್ರ ಬೇಡ, ಪಂಚೆಗೆ ಬೆಂಕಿ ಹತ್ತೀತು.

ಕೇಳಿದವರ ಮರುನುಡಿ

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರೇ, ನೀವು ಹೇಳಿದಂತೆಯೇ ಬಿಸಿ ಬೀಜ ಮೊದಲು ತಾಗಿದ್ದು ನನ್ನ ತೋಳಿಗೆ, ಆಮೇಲೆ ಅಳತೆ ಕೊಡಲು ಬಂದಿದ್ದ ಪಕ್ಕದ ಮನೆಯ ಅತ್ತಿಗೆಗೆ. ಎರಡು ರವಿಕೆ ಹೊಲಿದು ಮುಗಿಸುವಷ್ಟು ಹೊತ್ತು ಸಿಕ್ಕಿತು. ಮಗ ಡಬ್ಬಿಗಳನ್ನು ಹೊಂದಿಸಲಿಲ್ಲ, ಮುಚ್ಚಳಗಳನ್ನು ಒಂದೊಂದಾಗಿ ಬಚ್ಚಲಿನ ನೀರಿನ ಬಕೆಟ್ಟಿಗೆ ಹಾಕಿ ಬಂದ. ಗೊಂಬೆಯಾಟಕ್ಕೆ ಇನ್ನೂ ಕೈ ಹಾಕಿಲ್ಲ.

ಬಳ್ಳಾರಿಯ ಅಕ್ಕ ಎಣಿಸಲು ಹೇಳಿದ್ದರಿಂದ ರಾತ್ರಿ ಎಣಿಸಿದರೆ ಮೂರೇ ಬೀಜ. ಎದೆ ಧಸಕ್ಕೆಂದು ಮಗನ ಬಾಯಿ, ಮೂಗು ಎಲ್ಲ ನೋಡಿ, ಕೊನೆಗೆ ಕೇಳಿದರೆ ಮಗಳು ಮುಷ್ಟಿ ಬಿಚ್ಚಿದಳು. ಎಲ್ಲಕ್ಕಿಂತ ನುಣ್ಣಗೆ ತಿಕ್ಕಿದ ಬೀಜವಂತೆ, ಹಿಡಿದುಕೊಂಡೇ ಮಲಗಿದ್ದಳು. ಈಗ ನಾಲ್ಕೂ ದೇವರ ಮಾಡದಲ್ಲಿ, ಮಗನಿಗೆ ಎಟುಕದ ಎತ್ತರದಲ್ಲಿ ಇವೆ.