ಮಗನನ್ನು ಕುಟುಂಬ ಪ್ರಾರ್ಥನೆಗೆ ಒತ್ತಾಯಿಸಬೇಕೇ, ಅಥವಾ ತಪ್ಪು ನನ್ನಲ್ಲೇ ಇದೆಯೇ?

ಪ್ರಶ್ನೆ: ಉಡುಪಿಯ ಓದುಗ

ಎಲ್ಲರಿಗೂ ವಂದನೆಗಳು. ನಾನು ಉಡುಪಿಯ ಪ್ರೊಟೆಸ್ಟಂಟ್ ಸಭೆಯೊಂದರ ಸದಸ್ಯ. ಬುಧವಾರ ಮನೆಮನೆಯ ಪ್ರಾರ್ಥನಾ ಕೂಟ, ಶುಕ್ರವಾರ ಗಾಯನ ಮಂಡಳಿಯ ಅಭ್ಯಾಸ, ಭಾನುವಾರ ಆರಾಧನೆಯ ನಂತರ ಸಂಡೇ ಸ್ಕೂಲ್, ಹೀಗೆ ಹಲವು ವರ್ಷಗಳಿಂದ ಸಭೆಯ ಕೆಲಸದಲ್ಲಿ ತೊಡಗಿಕೊಂಡಿದ್ದೇನೆ. ಕಳೆದ ಮಳೆಗಾಲದಲ್ಲಿ ನನ್ನ ತಾಯಿಗೆ ಪಾರ್ಶ್ವವಾಯು ಬಡಿದು ಬಲಭಾಗದ ಶಕ್ತಿಯೂ ಮಾತೂ ಹೋಯಿತು. ಅಂದಿನಿಂದ ಅವರು ಹಾಸಿಗೆಯಲ್ಲೇ ಇದ್ದಾರೆ. ಅವರ ಆರೈಕೆಯನ್ನೆಲ್ಲ ನನ್ನ ಹೆಂಡತಿಯೇ ನೋಡಿಕೊಳ್ಳುತ್ತಿದ್ದಾಳೆ.

ನನ್ನ ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ಆರು ತಿಂಗಳಿಂದ ಸಂಜೆಯ ಕುಟುಂಬ ಪ್ರಾರ್ಥನೆಗೆ ಕೂರುವುದನ್ನು ನಿಲ್ಲಿಸಿದ್ದಾನೆ. ಕಳೆದ ವಾರ ಬಲವಂತ ಮಾಡಿದಾಗ ಅವನು ಹೇಳಿದ ಮಾತು ಇದು: "ಅಜ್ಜಿಯ ಹಾಸಿಗೆ ಒದ್ದೆಯಾಗಿದೆ, ಸ್ವಲ್ಪ ಎತ್ತಿಹಿಡಿಯಿರಿ ಎಂದು ಅಮ್ಮ ಎರಡು ಸಲ ಕರೆದರು. ನೀವು ಮೊಬೈಲಿನಲ್ಲಿ ಕೂಟಕ್ಕೆ ಹಾಡು ಹುಡುಕುತ್ತಿದ್ದಿರಿ. ಈಗ ಪ್ರೀತಿಯ ಬಗ್ಗೆ ನೀವು ಓದುವುದನ್ನು ನಾನು ಯಾಕೆ ಕೇಳಬೇಕು?" ನನಗೆ ಸಿಟ್ಟು ಬಂದು, ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ನೆನಪಿಸಿ ಗದರಿದೆ. ಅವನು ಎದ್ದು ಹೋದ. ಹೆಂಡತಿ ಏನೂ ಹೇಳದೆ ಒಳಗೆ ಹೋಗಿ ತಾಯಿಗೆ ಗಂಜಿ ಕುಡಿಸತೊಡಗಿದಳು.

ಅವನ ವಿಶ್ವಾಸ ಕುಂದುತ್ತಿದೆಯೆಂದು ನನಗೆ ಭಯವಾಗುತ್ತಿದೆ. ಮನೆಯ ಯಜಮಾನನಾಗಿ ನಾನು ಪ್ರಾರ್ಥನೆಯ ಶಿಸ್ತನ್ನು ಬಿಗಿಗೊಳಿಸಬೇಕೇ? ಹಿರಿಯರು ದಯವಿಟ್ಟು ತಿಳಿಸಿ.

ಉತ್ತರ 1: ಬಲ್ಮಠದ ನಿವೃತ್ತ ಅಧ್ಯಾಪಕ

ಸಹೋದರರೇ, ನೀವು ಮಗನಿಗೆ ನೆನಪಿಸಿದ ಆ ಆಜ್ಞೆಯನ್ನು ಕರ್ತನು ಯಾರಿಗೆ ನೆನಪಿಸಿದನೆಂಬುದನ್ನು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಒಮ್ಮೆ ನೋಡಬೇಕೆಂದು ವಿನಂತಿಸುತ್ತೇನೆ. ಅಲ್ಲಿ ಅವನೆದುರು ನಿಂತವರು ಹಠಮಾರಿ ಮಕ್ಕಳಲ್ಲ, ಧರ್ಮದ ವಿಷಯದಲ್ಲಿ ಬಹಳ ಕಟ್ಟುನಿಟ್ಟಾಗಿದ್ದ ದೊಡ್ಡವರು. ವಯಸ್ಸಾದ ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು, ಎಂದು ಹೇಳಿಬಿಟ್ಟರೆ ಅವರಿಗೆ ಕೊಡಬೇಕಾಗಿಲ್ಲವೆಂಬ ಸಂಪ್ರದಾಯವನ್ನು ಅವರು ಬೆಳೆಸಿಕೊಂಡಿದ್ದರು. ದೇವರ ವಾಕ್ಯವನ್ನು ನಿರರ್ಥಕ ಮಾಡಿದಿರಿ ಎಂದು ಯೇಸು ಅವರನ್ನು ಖಂಡಿಸಿದನು. ನಿಮ್ಮ ಬುಧವಾರ, ಶುಕ್ರವಾರಗಳು ಕೊರ್ಬಾನ್ ಆಗಿಬಿಟ್ಟಿವೆಯೇ ಎಂಬುದನ್ನು ನೀವೇ ಪರೀಕ್ಷಿಸಿಕೊಳ್ಳಬೇಕು. ಕಠಿಣ ಮಾತಾದರೆ ಕ್ಷಮಿಸಿ. ನಾನೂ ಸುಮಾರು ಮೂವತ್ತು ವರ್ಷ ಹೀಗೆಯೇ ನಡೆದವನಾದ್ದರಿಂದ ಹೇಳುತ್ತಿದ್ದೇನೆ.

'ಯಜಮಾನ' ಎಂಬ ಪದ ಬಳಸಿದ್ದೀರಿ. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕೆಂಬ ಎಫೆಸದವರಿಗೆ ಬರೆದ ಪತ್ರಿಕೆಯ 5:22ನ್ನು ನಮ್ಮ ಮದುವೆಗಳಲ್ಲಿ ತಪ್ಪದೆ ಓದುತ್ತೇವೆ. ಆದರೆ ಗ್ರೀಕ್ ಮೂಲದ ಅತಿ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಆ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ. ಅದರ ಅರ್ಥ ಪೂರ್ಣವಾಗುವುದು ಅದರ ಹಿಂದಿನ ವಚನದಿಂದ, ಮತ್ತು ಆ ವಚನವು ಒಬ್ಬರಿಗೊಬ್ಬರು ಅಧೀನರಾಗಿರಿ ಎಂದು ಎಲ್ಲರಿಗೂ ಹೇಳುತ್ತದೆ. ಮುಂದೆ ಗಂಡನಿಗೆ ಕೊಟ್ಟ ಮಾದರಿಯಾದರೋ ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟ ಕ್ರಿಸ್ತನದು. ಹಾಗೆಯೇ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಮಕ್ಕಳು ವಿಧೇಯರಾಗಿರಬೇಕೆಂದ ಮರುವಚನದಲ್ಲೇ, ಮಕ್ಕಳ ಮನಸ್ಸು ಕುಗ್ಗುವಂತೆ ಅವರನ್ನು ಕೆಣಕಬಾರದೆಂದು ತಂದೆಯರಿಗೆ ಹೇಳಿದೆ.

ಇನ್ನೊಂದು ವಿಚಾರ ನನ್ನನ್ನು ಬಹುಕಾಲದಿಂದ ಕಾಡಿದೆ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ ವಿಶ್ವಾಸಕ್ಕೆ ಬಂದ ಮೊದಲ ತಲೆಮಾರಿನ ಅನೇಕರು ಮನೆಯನ್ನೂ ಜಾತಿಯನ್ನೂ ಹೊಟ್ಟೆಪಾಡನ್ನೂ ಕಳೆದುಕೊಂಡರು. ನೇಯ್ಗೆಯ ಕೆಲಸವೂ 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆಯೂ ಅಂಥವರ ಕೈಗೆ ಉದ್ಯೋಗ ಕೊಟ್ಟವು. ಮನೆಯಿಂದ ಹೊರಬಿದ್ದವರಿಗೆ ಸಭೆಯೇ ಮನೆಯಾಯಿತು. ಸಭೆಯ ಕೆಲಸವೇ ಮೊದಲು ಎಂಬ ನಮ್ಮ ಭಾವನೆಗೆ ಆ ನೋವಿನ ನೆನಪೂ ಒಂದು ಕಾರಣವಿರಬಹುದೆಂದು ನನಗೆ ಅನಿಸುತ್ತದೆ. ಆದರೆ ನಿಮ್ಮ ಮನೆ ನಿಮ್ಮನ್ನು ಹೊರಹಾಕಿಲ್ಲ. ಅಲ್ಲಿಂದ ಎರಡು ಸಲ ನಿಮ್ಮನ್ನು ಕರೆದಿದ್ದಾರೆ.

ಉತ್ತರ 2: ಕಲ್ಯಾಣಪುರದ ಗೃಹಿಣಿ

ನಾವು ಕೊಂಕಣಿ ಮಾತನಾಡುವ ಕಥೋಲಿಕರು. ನಮ್ಮಲ್ಲಿ ಪ್ರತಿ ಸಂಜೆ ದೇವರ ಪೀಠದ ಮುಂದೆ ಕೂತು ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುವುದು ರೂಢಿ. ಅದು ಮುಗಿದ ಕೂಡಲೇ ಮಕ್ಕಳು ಹಿರಿಯರ ಮುಂದೆ ಕೈಮುಗಿದು 'ಬೆಸಾಂವ್', ಎಂದರೆ ಆಶೀರ್ವಾದ, ಕೇಳುತ್ತಾರೆ. ನನ್ನ ಗಂಡನೂ ಅವರ ತಂದೆಯೂ ಜಮೀನಿನ ವಿಷಯದಲ್ಲಿ ಜಗಳವಾಡಿ ಒಂದೇ ಸೂರಿನಡಿ ಎರಡು ವರ್ಷ ಮಾತು ಬಿಟ್ಟಿದ್ದರು. ಆಗಲೂ ತೇರ್ಸ್ ತಪ್ಪುತ್ತಿರಲಿಲ್ಲ. ತೇರ್ಸ್ ಮುಗಿದ ಮೇಲೆ ನನ್ನ ಮಗಳು ಅಜ್ಜನ ಬೆಸಾಂವ್ ಪಡೆದು ತಂದೆಯ ಕಡೆಗೆ ತಿರುಗುವಾಗ ಅವಳ ಮುಖದಲ್ಲಿ ಕಾಣುತ್ತಿದ್ದ ಅಳುಕನ್ನು ನಾನು ಇಂದಿಗೂ ಮರೆತಿಲ್ಲ. ಆಗ ಅವಳಿಗೆ ಎಂಟು ವರ್ಷ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಮರಿಯಮ್ಮನವರ ಜನ್ಮದಿನದ ಮತ್ತು ಹೊಸ ತೆನೆಯ ಹಬ್ಬಕ್ಕೆ, ಮುಂಚೆ ಒಂಬತ್ತು ದಿನ ಮಕ್ಕಳು ಬಾಲೆ ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಹಾಲಿಗೆ ಬೆರೆಸಿ, ಮನೆಯ ಹಿರಿಯರ ಕೈಯಿಂದ ಎಲ್ಲರಿಗೂ ಹಂಚಿ, ಬಳಿಕ ಒಟ್ಟಿಗೆ ಕೂತು ಸಸ್ಯಾಹಾರದ ಊಟ ಮಾಡುವುದು ನಮ್ಮ ಕ್ರಮ. ಆ ವರ್ಷ ಮಾವ ಹಾಲಿನ ಲೋಟವನ್ನು ನನ್ನ ಗಂಡನ ಕಡೆ ಚಾಚಿದಾಗ ಅವರ ಕೈ ನಡುಗುತ್ತಿತ್ತು. ನನ್ನ ಗಂಡ ಅದನ್ನು ಕೂತಲ್ಲೇ ತೆಗೆದುಕೊಳ್ಳದೆ ಎದ್ದು ಬಂದು ಬೆಸಾಂವ್ ಕೇಳಿದರು. ಜಮೀನಿನ ತಕರಾರು ಆಮೇಲೂ ಬಹಳ ದಿನ ಹಾಗೆಯೇ ಇತ್ತು, ಆದರೆ ಮಾತು ಮತ್ತೆ ನಿಲ್ಲಲಿಲ್ಲ. ಆದ್ದರಿಂದ ಕುಟುಂಬ ಪ್ರಾರ್ಥನೆಯನ್ನು ದಯವಿಟ್ಟು ಕೈಬಿಡಬೇಡಿ. ಮಗನನ್ನು ಕರೆಯುವ ಮೊದಲು ನೀವು ಎದ್ದು ಅವನ ಬಳಿಗೂ ಅದಕ್ಕಿಂತ ಮುಂಚೆ ನಿಮ್ಮ ಹೆಂಡತಿಯ ಬಳಿಗೂ ಹೋಗಿ ಕ್ಷಮೆ ಕೇಳಿ. ಆ ಗಂಜಿಯ ಬಟ್ಟಲನ್ನು ಅವರ ಕೈಯಿಂದ ತೆಗೆದುಕೊಳ್ಳಿ.

ಉತ್ತರ 3: ಮಂಗಳೂರಿನ ಶುಶ್ರೂಷಕಿ

ಅಧ್ಯಾಪಕರ ಮಾತನ್ನು ಗೌರವಿಸುತ್ತೇನೆ. ಆದರೂ ಪಶ್ಚಾತ್ತಾಪದ ಭರದಲ್ಲಿ ಸಭೆಯ ಕೆಲಸಗಳನ್ನೆಲ್ಲ ಒಂದೇ ಸಲ ಬಿಟ್ಟುಬಿಡಬೇಡಿ ಎನ್ನುತ್ತೇನೆ. ಹಾಗೆ ಬಿಟ್ಟು ಬಂದು, ಒಂದು ತಿಂಗಳಲ್ಲಿ ದಣಿದು, ಮನೆಯವರ ಮೇಲೆಯೇ ಮುನಿಸಿಕೊಂಡವರನ್ನು ನಾನು ಕಂಡಿದ್ದೇನೆ. ಒಂದು ಸಂಜೆಯನ್ನು ಬಿಡಿ, ಮತ್ತು ಮನೆಯ ಕೆಲಸವನ್ನು ಸರಿಯಾಗಿ ಕಲಿತುಕೊಳ್ಳಿ.

ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಒತ್ತಡದ ಹುಣ್ಣು ಆಗುತ್ತದೆ. ಬೆನ್ನೆಲುಬಿನ ಕೆಳತುದಿ, ಹಿಮ್ಮಡಿ, ಸೊಂಟದ ಪಕ್ಕ ಇವುಗಳಲ್ಲಿ ಕೆಂಪು ಕಲೆ ಇದೆಯೇ ಎಂದು ದಿನವೂ ನೋಡಬೇಕು. ಒಬ್ಬರೇ ಎಳೆದರೆ ರೋಗಿಯ ಚರ್ಮ ಉಜ್ಜಿಹೋಗುತ್ತದೆ, ಎಳೆಯುವವರ ಬೆನ್ನೂ ಹೋಗುತ್ತದೆ. ಹೊದಿಕೆಯೊಂದನ್ನು ಮಡಚಿ ಭುಜದಿಂದ ತೊಡೆಯವರೆಗೆ ಅಡಿಯಲ್ಲಿ ಹಾಸಿ, ಎರಡೂ ಬದಿಯ ಅಂಚನ್ನು ದೇಹದ ಹತ್ತಿರಕ್ಕೆ ಸುರುಳಿ ಸುತ್ತಿ, ಇಬ್ಬರು ಎರಡು ಕಡೆ ನಿಂತು ಎಣಿಸಿಕೊಂಡು ಒಟ್ಟಿಗೆ ಎತ್ತಬೇಕು. ಬಲಗೈಯನ್ನು ಹಿಡಿದು ಎಂದೂ ಎಳೆಯಬೇಡಿ, ಶಕ್ತಿಗುಂದಿದ ಭುಜದ ಕೀಲು ಜಾರುತ್ತದೆ. ಗಂಜಿ ಕುಡಿಸುವಾಗ ನೇರವಾಗಿ ಕೂರಿಸಿ, ಚಿಕ್ಕ ಚಮಚದಲ್ಲಿ, ನುಂಗಿದ್ದು ಖಾತ್ರಿಯಾದ ಮೇಲೆ ಮುಂದಿನದು. ಆಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕೆಮ್ಮು ಬರುತ್ತಿದ್ದರೆ ವೈದ್ಯರಿಗೆ ತಿಳಿಸಿ.

ನೀವು ಹಾಡುವವರಾದ್ದರಿಂದ ಇದನ್ನೂ ಹೇಳುತ್ತೇನೆ. ಪಾರ್ಶ್ವವಾಯುವಿನಿಂದ ಮಾತು ಹೋದ ಕೆಲವರು ಬಾಲ್ಯದಲ್ಲಿ ಕಲಿತ ಹಾಡನ್ನು ಪದಸಹಿತ ಹಾಡಬಲ್ಲರು, ಏಕೆಂದರೆ ಸಾಮಾನ್ಯವಾಗಿ ಮಾತು ಹೆಚ್ಚಾಗಿ ಮೆದುಳಿನ ಎಡಭಾಗವನ್ನು ಅವಲಂಬಿಸಿದ್ದರೆ ರಾಗದಲ್ಲಿ ಬಲಭಾಗದ ಪಾಲೂ ದೊಡ್ಡದು. ಪ್ರಾರ್ಥನೆಯನ್ನು ಹೊರಕೋಣೆಯಿಂದ ಅವರ ಮಂಚದ ಪಕ್ಕಕ್ಕೆ ತನ್ನಿ.

ಪ್ರಶ್ನೆ ಕೇಳಿದವರ ಮರುಬರಹ: ಹನ್ನೆರಡು ದಿನಗಳ ನಂತರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮಾರ್ಕ 7 ಓದಿದ ರಾತ್ರಿ ನಿದ್ದೆ ಬರಲಿಲ್ಲ. ಶುಕ್ರವಾರದ ಅಭ್ಯಾಸದ ಹೊಣೆಯನ್ನು ಇನ್ನೊಬ್ಬರಿಗೆ ವಹಿಸಿ, ಬುಧವಾರದ ಕೂಟವನ್ನು ಉಳಿಸಿಕೊಂಡಿದ್ದೇನೆ. ಹೆಂಡತಿಯ ಬಳಿ ಕ್ಷಮೆ ಕೇಳಿದೆ. ಅವಳು "ಆಯಿತು" ಎಂದಷ್ಟೇ ಹೇಳಿ, ಒಗೆದ ಬಟ್ಟೆಗಳ ಬುಟ್ಟಿಯನ್ನು ನನ್ನ ಕೈಗಿತ್ತಳು. ಮಗನ ಬಳಿ ಕೇಳಿದಾಗ ಅವನು ತಲೆತಗ್ಗಿಸಿ ನಿಂತಿದ್ದ, ಉತ್ತರ ಕೊಡಲಿಲ್ಲ.

ಹೊದಿಕೆ ಹಾಕಿ ಎತ್ತುವ ಕ್ರಮವನ್ನು ಮೊದಲ ಸಲ ನಾನು ತಪ್ಪಾಗಿ ಮಾಡಿದೆ, ತಾಯಿ ನೋವಿನಿಂದ ನರಳಿದರು. ಆಗ ಮಗ ತಾನಾಗಿ ಬಂದು ಆಚೆ ಬದಿಯ ಅಂಚನ್ನು ಹಿಡಿದ. ಅಂದಿನಿಂದ ರಾತ್ರಿಯ ಸರದಿಯಲ್ಲಿ ನಾವಿಬ್ಬರೇ ಇರುತ್ತೇವೆ, ಮೂರರವರೆಗೆ ಎಣಿಸುವುದು ಅವನ ಕೆಲಸ. ಮೊನ್ನೆ ಮಂಚದ ಪಕ್ಕದಲ್ಲಿ 23ನೆಯ ಕೀರ್ತನೆಯನ್ನು ರಾಗದಲ್ಲಿ ಹಾಡಿದಾಗ ತಾಯಿಯ ತುಟಿಗಳು ಚಲಿಸಿ, "ಕುರುಬನು" ಎಂಬ ಪದ ಅಸ್ಪಷ್ಟವಾಗಿ ಕೇಳಿತು. ನಿನ್ನೆ ಹಾಡಿದಾಗ ಏನೂ ಬರಲಿಲ್ಲ. ಮಗ ಇನ್ನೂ ಪ್ರಾರ್ಥನೆಗೆ ಕೂರುವುದಿಲ್ಲ, ಬಾಗಿಲ ಬಳಿ ನಿಂತಿರುತ್ತಾನೆ. ನಾನು ಅವನನ್ನು ಕರೆಯುತ್ತಿಲ್ಲ, ಬಾಗಿಲನ್ನು ಮುಚ್ಚುತ್ತಲೂ ಇಲ್ಲ.